ಗುಂಪು ಒಂದೇ, ಆದರೂ ರಕ್ತ ಹೊಂದುತ್ತಿಲ್ಲ: ಮಗಳಿಗೆ ಜೀನ್ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ಥಲಸ್ಸೀಮಿಯಾ ಮೇಜರ್ (ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇದೆ. ಎಂಟು ತಿಂಗಳ ಮಗುವಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೇವೆ. ಅವಳ ಗುಂಪು ಬಿ ಪಾಸಿಟಿವ್, ಇದುವರೆಗೆ ಹಾಕಿದ್ದೆಲ್ಲವೂ ಬಿ ಪಾಸಿಟಿವ್ ರಕ್ತವೇ. ಕಳೆದ ತಿಂಗಳು ರಕ್ತ ಹಾಕಿಸಿದ ಎಂಟನೆಯ ದಿನ ಜ್ವರ ಬಂತು, ಕಣ್ಣು ಹಳದಿಯಾಯಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. 10.4 ಇದ್ದ ಎಚ್‌ಬಿ (ಹಿಮೋಗ್ಲೋಬಿನ್) 7ಕ್ಕೆ ಇಳಿಯಿತು. ಪರೀಕ್ಷೆ ಮಾಡಿ ‘ಆಂಟಿ-ಇ ಬಂದಿದೆ, ಜೆಕೆ-ಎ ಎಂಬ ಇನ್ನೊಂದರ ಅನುಮಾನವೂ ಇದೆ’ ಎಂದರು. ಈಗ ಪ್ರತಿ ಸಲವೂ ಐದಾರು ಚೀಲಗಳನ್ನು ನೋಡಿದ ಮೇಲೆ ಒಂದು ಹೊಂದುತ್ತದೆ. ರಕ್ತದ ಗುಂಪಿನ ಜೀನ್ ಪರೀಕ್ಷೆಗೆ ಬೇರೆ ಊರಿಗೆ ಮಾದರಿ ಕಳುಹಿಸಬೇಕು ಎಂದು ಡಾಕ್ಟರು ಹೇಳುತ್ತಿದ್ದಾರೆ. ಹಿಂದೆ ಒಮ್ಮೆ ಜೀನ್ ಪರೀಕ್ಷೆ ಆಗಿದೆಯಲ್ಲ, ಮತ್ತೆ ಏಕೆ? ಬೇರೆ ಬೇರೆಯವರ ರಕ್ತ ಹಾಕಿದ್ದರಿಂದಲೇ ಹೀಗಾಯಿತು, ಅಪ್ಪ, ಚಿಕ್ಕಪ್ಪ ಅಥವಾ ನಮ್ಮ ಜನದವರ ರಕ್ತವನ್ನೇ ಹಾಕಿಸಿ ಎಂದು ನಮ್ಮ ಅತ್ತೆ ಹೇಳುತ್ತಾರೆ. ನನ್ನ ತವರು ಗದಗ, ಯಜಮಾನರ ಹಿರಿಯರು ದೇಶ ವಿಭಜನೆಯ ಕಾಲದಲ್ಲಿ ಸಿಂಧ್‌ನಿಂದ ಬಂದವರು. ಹೀಗೆ ಎರಡು ಕಡೆಯ ರಕ್ತ ಬೆರೆತದ್ದೇ ಕಾರಣವೇ? ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ, ಅಲ್ಲಿ ರಕ್ತದಾನಿಗಳ ವಂಶಮೂಲವನ್ನೂ ಕೇಳುತ್ತಾರೆ ಎನ್ನುತ್ತಾನೆ. ಮಗಳಿಗೆ ಐದು ವರ್ಷದ ತಮ್ಮನಿದ್ದಾನೆ. ದಾರಿ ತೋರಿಸಿ.
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಆತಂಕ ಒಂದೇ: ಯಾರೋ ಎಲ್ಲೋ ತಪ್ಪು ಮಾಡಿದ್ದಾರೆ, ಆ ತಪ್ಪು ನಮ್ಮದೇ ಇರಬಹುದೇ ಎಂಬುದು. ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮದುವೆಯಿಂದಾಗಲಿ, ನೀವು ತಪ್ಪು ರಕ್ತ ಕೊಡಿಸಿದ್ದರಿಂದಾಗಲಿ ಇದು ಆದದ್ದಲ್ಲ. ಬಿ ಪಾಸಿಟಿವ್ ಮಗುವಿಗೆ ಬಿ ಪಾಸಿಟಿವ್ ರಕ್ತವನ್ನೇ ಹಾಕಿದ್ದಾರೆ, ಗುಂಪು ತಪ್ಪಿಲ್ಲ. ಗುಂಪು ಎಂದು ನಾವು ವಾಡಿಕೆಯಲ್ಲಿ ಕರೆಯುವುದು ರಕ್ತದ ಗುರುತಿನ ಬಹಳ ಸಣ್ಣ ಭಾಗವೆಂಬುದೇ ಇಲ್ಲಿನ ತೊಡಕು.

ಎ, ಬಿ, ಒ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುರುತಿಸಿದರು. ಪಾಸಿಟಿವ್, ನೆಗೆಟಿವ್ ಎನ್ನುವ ಆರ್‌ಎಚ್ ಅಂಶದ ಹೆಸರು 1940ರ ಹೊತ್ತಿಗೆ ಬಂತು. ಆಮೇಲೆ ಕೆಲ್, ಡಫಿ, ಕಿಡ್ ಎಂದು ಒಂದೊಂದೇ ಸೇರುತ್ತ ಹೋಗಿ, ಇಂದು ಅಂತರರಾಷ್ಟ್ರೀಯ ರಕ್ತಪೂರಣ ಸಂಘವು 45ಕ್ಕೂ ಹೆಚ್ಚು ರಕ್ತಗುಂಪು ವ್ಯವಸ್ಥೆಗಳನ್ನೂ ಅವುಗಳೊಳಗೆ 350ಕ್ಕೂ ಹೆಚ್ಚು ಪ್ರತಿಜನಕಗಳನ್ನೂ ಪಟ್ಟಿಮಾಡಿದೆ. ಪ್ರತಿಜನಕವೆಂದರೆ ಕೆಂಪು ರಕ್ತಕಣದ ಮೈಮೇಲಿರುವ ಒಂದು ಗುರುತು, ಲ್ಯಾಬಿನಲ್ಲಿ ನಾವು ಆಂಟಿಜನ್ ಎನ್ನುತ್ತೇವೆ. ನಿಮ್ಮ ಮಗಳ ಕಾರ್ಡಿನಲ್ಲಿರುವ ‘ಬಿ ಪಾಸಿಟಿವ್’ ಎಂಬ ಎರಡು ಪದ ಆ ಮುನ್ನೂರೈವತ್ತರಲ್ಲಿ ಎ, ಬಿ ಮತ್ತು ಡಿ ಎಂಬ ಮೂರರ ಸುದ್ದಿಯನ್ನಷ್ಟೇ ಹೇಳುತ್ತದೆ (ಪಾಸಿಟಿವ್ ಎಂದರೆ ಡಿ ಇದೆ, ನೆಗೆಟಿವ್ ಎಂದರೆ ಇಲ್ಲ). ಆರ್‌ಎಚ್ ವ್ಯವಸ್ಥೆಯೊಂದರಲ್ಲೇ ಡಿ ಅಲ್ಲದೆ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಎಂಬ ನಾಲ್ಕು ಮುಖ್ಯ ಗುರುತುಗಳಿವೆ. (ಇಂಗ್ಲಿಷ್ ಅಕ್ಷರಗಳ ದೊಡ್ಡ, ಸಣ್ಣ ರೂಪಗಳನ್ನೇ ಹೆಸರಾಗಿಟ್ಟ ಮಹಾನುಭಾವರು, ಫೋನಿನಲ್ಲಿ ವರದಿ ಓದಿ ಹೇಳುವವರ ಕಷ್ಟವನ್ನು ಯೋಚಿಸಿರಲಿಲ್ಲ. ನಿಮ್ಮ ಮಗಳದು ‘ದೊಡ್ಡ ಇ’ ವಿರುದ್ಧದ ಪ್ರತಿಕಾಯ ಎಂದು ತಿಳಿದು ಮುಂದುವರಿಯುತ್ತೇನೆ. ಸಾಮಾನ್ಯವಾಗಿ ಕಾಣುವುದು ಅದೇ. ವರದಿಯನ್ನು ನೋಡಿ ಖಚಿತಪಡಿಸಿಕೊಳ್ಳಿ.)

ತನ್ನಲ್ಲಿಲ್ಲದ ಗುರುತನ್ನು ಹೊತ್ತ ಕಣ ಮೈಯೊಳಗೆ ಬಂದಾಗ ದೇಹ ಅದನ್ನು ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ, ಅಂದರೆ ಆಂಟಿಬಾಡಿ ತಯಾರಿಸಬಹುದು. ಎಲ್ಲರ ದೇಹವೂ ಹಾಗೆ ಮಾಡುವುದಿಲ್ಲ. ಆದರೆ ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿನೇಳು ಸಲ, ಒಂಬತ್ತು ವರ್ಷಕ್ಕೆ ಸುಮಾರು ನೂರೈವತ್ತು ಸಲ. ಅಷ್ಟು ಜನ ಅಪರಿಚಿತರ ಕಣಗಳನ್ನು ಕಂಡ ದೇಹ ಅವುಗಳಲ್ಲಿ ಒಂದೆರಡು ಗುರುತುಗಳಿಗೆ ತಿರುಗಿಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನಾನು ನೋಡಿಕೊಂಡ ಥಲಸ್ಸೀಮಿಯಾ ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಥ ಪ್ರತಿಕಾಯ ಬಂದಿಲ್ಲ, ಬಂದವರಲ್ಲಿ ಮೊದಲು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ದೊಡ್ಡ ಇ, ಸಣ್ಣ ಸಿ ಅಥವಾ ಕೆಲ್ ವಿರುದ್ಧದ್ದೇ.

ಈಗ ಆ ಎಂಟನೆಯ ದಿನದ ವಿಚಾರ. ಇದನ್ನು ತಡವಾದ ರಕ್ತಕಣ ನಾಶ ಎನ್ನುತ್ತೇವೆ. ಕಿಡ್ ವ್ಯವಸ್ಥೆಯ ಪ್ರತಿಕಾಯಗಳಿಗೆ, ಅಂದರೆ ನಿಮ್ಮ ವರದಿಯಲ್ಲಿ ಅನುಮಾನಿಸಿರುವ ಆಂಟಿ ಜೆಕೆ-ಎ ಎಂಬುದಕ್ಕೆ, ಒಂದು ಕೆಟ್ಟ ಗುಣವಿದೆ. ಒಮ್ಮೆ ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದರ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ. ಕ್ರಾಸ್ ಮ್ಯಾಚ್, ಅಂದರೆ ಚೀಲದ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ, ಮಾಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ದೇಹ ಮರೆತಿರುವುದಿಲ್ಲ. ಜೆಕೆ-ಎ ಇರುವ ರಕ್ತ ಮತ್ತೆ ಒಳಗೆ ಬಂದ ಕೂಡಲೇ ಹಳೆಯ ನೆನಪು ಎಚ್ಚೆತ್ತು, ಮೂರರಿಂದ ಹದಿನಾಲ್ಕು ದಿನಗಳೊಳಗೆ ಪ್ರತಿಕಾಯ ಪ್ರವಾಹದಂತೆ ಏರಿ, ಹಾಕಿದ ಕಣಗಳನ್ನೆಲ್ಲ ಒಡೆಯುತ್ತದೆ. ಒಡೆದ ಕಣಗಳ ಹಿಮೋಗ್ಲೋಬಿನ್ ಕಣ್ಣಿನಲ್ಲಿ ಹಳದಿಯಾಗಿ, ಮೂತ್ರದಲ್ಲಿ ನೀವು ಹೇಳಿದ ಡಿಕಾಕ್ಷನ್ ಬಣ್ಣವಾಗಿ ಕಾಣಿಸಿಕೊಳ್ಳುತ್ತದೆ. ನೀವು ದಿನ ಎಣಿಸಿ ಬರೆದಿರುವುದರಿಂದಲೇ ನಾನು ಇಷ್ಟು ಧೈರ್ಯವಾಗಿ ಹೇಳಬಲ್ಲೆ. ಎಷ್ಟೋ ತಂದೆತಾಯಿಯರು ಇದನ್ನು ಕಾಮಾಲೆಯೆಂದು ತಿಳಿದು ನಾಟಿ ಔಷಧಿ ಕೊಡಿಸಿಕೊಂಡು ಬಂದದ್ದನ್ನು ಕಂಡಿದ್ದೇನೆ.

ಹಾಗಾದರೆ ಮಗಳ ಕಣದ ಮೇಲೆ ಯಾವ ಯಾವ ಗುರುತು ಇಲ್ಲ ಎಂದು ನೇರವಾಗಿ ನೋಡಿಬಿಟ್ಟರೆ ಸಾಲದೇ, ಜೀನಿನವರೆಗೆ ಏಕೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಲ್ಯಾಬಿನ ಮೇಜಿನ ಮೇಲೆಯೇ ಇದೆ. ನಾವು ಬಳಸುವ ಜೆಲ್ ಕಾರ್ಡು ಅಂಗೈಯೊಳಗೆ ಹಿಡಿಯುವಷ್ಟು ದೊಡ್ಡದಾದ ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ಆರೋ ಎಂಟೋ ಪುಟ್ಟ ಕೊಳವೆಗಳು, ಒಳಗೆ ತಿಳಿಯಾದ ಜೆಲ್. ಕಣಗಳನ್ನೂ ಪರೀಕ್ಷಕ ದ್ರಾವಣವನ್ನೂ ಮೇಲೆ ಹಾಕಿ ಯಂತ್ರದಲ್ಲಿ ತಿರುಗಿಸಿದರೆ, ಗುರುತು ಇರುವ ಕಣಗಳು ಒಂದಕ್ಕೊಂದು ಅಂಟಿ ಜೆಲ್ಲಿನ ಮೇಲ್ಭಾಗದಲ್ಲೇ ಕೆಂಪು ಗೆರೆಯಾಗಿ ನಿಲ್ಲುತ್ತವೆ, ಇಲ್ಲದವು ಜಾರಿ ತಳದಲ್ಲಿ ಗುಂಡಿಯಂತೆ ಕೂರುತ್ತವೆ. ನಿಮ್ಮ ಮಗಳಂಥವರ ರಕ್ತವನ್ನು ಹೀಗೆ ನೋಡಿದರೆ ಮೇಲೊಂದು ಗೆರೆ, ಕೆಳಗೊಂದು ಗುಂಡಿ ಎರಡೂ ಕಾಣುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಮಗುವಿನ ನರದಲ್ಲಿ ಓಡುವ ಕಣಗಳಲ್ಲಿ ಬಹುಪಾಲು ಕಳೆದ ಮೂರ್ನಾಲ್ಕು ತಿಂಗಳ ದಾನಿಗಳವು. ಗೆರೆಯಲ್ಲಿ ನಿಂತದ್ದು ಯಾರ ಕಣ, ತಳಕ್ಕೆ ಹೋದದ್ದು ಯಾರ ಕಣ ಎಂದು ಹೇಳುವವರಾರು? ರಕ್ತ ಹಾಕಿಸಿ ಮೂರು ತಿಂಗಳು ಕಳೆಯದೆ ಈ ಪರೀಕ್ಷೆಯ ಫಲಿತಾಂಶವನ್ನು ನಾವು ನಂಬುವುದಿಲ್ಲ, ಮೂರು ತಿಂಗಳು ರಕ್ತ ನಿಲ್ಲಿಸುವುದು ನಿಮ್ಮ ಮಗಳಿಗೆ ಸಾಧ್ಯವಿಲ್ಲ. ಎಂಟು ತಿಂಗಳ ವಯಸ್ಸಿನಲ್ಲಿ ಮೊದಲ ಚೀಲ ಹಾಕುವ ಮುನ್ನ ಎರಡು ಮಿಲಿಲೀಟರ್ ರಕ್ತ ತೆಗೆದು ಈ ಗುರುತುಗಳನ್ನು ಬರೆದಿಟ್ಟಿದ್ದರೆ ಇಂದು ಜೀನ್ ಪರೀಕ್ಷೆಯ ಮಾತೇ ಬರುತ್ತಿರಲಿಲ್ಲ. ಥಲಸ್ಸೀಮಿಯಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಅದನ್ನೇ. ನಮ್ಮಲ್ಲಿ ಅದು ಎಲ್ಲ ಕಡೆ ನಡೆಯುವುದಿಲ್ಲ. ಇದು ನನ್ನ ವೃತ್ತಿಯವರು ಒಪ್ಪಿಕೊಳ್ಳಬೇಕಾದ ಲೋಪ.

ಜೀನ್ ಪರೀಕ್ಷೆ ಈ ತೊಡಕನ್ನು ಹೀಗೆ ದಾಟುತ್ತದೆ. ಕೆಂಪು ಕಣದಲ್ಲಿ ಡಿಎನ್‌ಎ ಇರುವುದಿಲ್ಲ, ಬಿಳಿ ಕಣದಲ್ಲಿರುತ್ತದೆ. ನರದಿಂದ ತೆಗೆದ ರಕ್ತದ ಬಿಳಿ ಕಣಗಳು ಹೆಚ್ಚುಕಡಿಮೆ ಎಲ್ಲವೂ ಮಗಳವೇ, ದಾನಿಗಳಿಂದ ಬಂದದ್ದು ಅಲ್ಪ, ಅದೂ ಬೇಗ ಮರೆಯಾಗುತ್ತದೆ. ಬೇಕಾದರೆ ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಉಜ್ಜಿಯೂ ಡಿಎನ್‌ಎ ತೆಗೆಯಬಹುದು. ಅನೇಕ ಗುರುತುಗಳ ವ್ಯತ್ಯಾಸ ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸವಾಗಿರುತ್ತದೆ. ಕಿಡ್ ಜೀನಿನ 838ನೆಯ ಸ್ಥಾನದಲ್ಲಿ ‘ಜಿ’ ಇದ್ದರೆ ಜೆಕೆ-ಎ, ‘ಎ’ ಇದ್ದರೆ ಜೆಕೆ-ಬಿ. ಇಂಥ ಹತ್ತಾರು ಸ್ಥಾನಗಳನ್ನು ಒಟ್ಟಿಗೆ ಓದಿ ಸುಮಾರು 35 ಗುರುತುಗಳನ್ನು ಊಹಿಸುವ ಕಿಟ್ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಅನುಮೋದನೆ ಕೊಟ್ಟಿತು. ಮಗಳು ಎಷ್ಟು ಚೀಲ ರಕ್ತ ಹಾಕಿಸಿಕೊಂಡಿದ್ದರೂ ಫಲಿತಾಂಶ ಬದಲಾಗುವುದಿಲ್ಲ, ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ನೀವು ಹಿಂದೆ ಮಾಡಿಸಿದ ಜೀನ್ ಪರೀಕ್ಷೆ ಥಲಸ್ಸೀಮಿಯಾಕ್ಕೆ ಕಾರಣವಾದ ಹಿಮೋಗ್ಲೋಬಿನ್ ಜೀನಿನದು. ಸಿಂಧಿಗಳಲ್ಲಿ ಹೆಚ್ಚಾಗಿ ಕಾಣುವ 619 ಅಕ್ಷರಗಳ ಲೋಪವೆಂದು ಆ ವರದಿಯಲ್ಲಿ ಬರೆದಿದ್ದರೆ ನೆನಪಾಗಬಹುದು. ಅದು ಬೇರೆ ಜೀನ್, ಬೇರೆ ಉದ್ದೇಶ. ಆ ವರದಿಯಿಂದ ರಕ್ತ ಹೊಂದಿಸಲು ಬರುವುದಿಲ್ಲ, ಆದ್ದರಿಂದ ಡಾಕ್ಟರು ಎರಡನೆಯ ಸಲ ದುಡ್ಡು ಖರ್ಚು ಮಾಡಿಸುತ್ತಿದ್ದಾರೆ ಎಂಬ ಸಂಶಯ ಬೇಡ.

ಇನ್ನು ವಂಶಮೂಲದ ಮಾತು. ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅದರ ಅರ್ಥ ನಿಮ್ಮ ಅತ್ತೆಯವರು ಹೇಳುವುದಕ್ಕಿಂತ ಬೇರೆ. ರಕ್ತದ ಗುರುತುಗಳು ಭೂಮಿಯ ಮೇಲೆ ಸಮನಾಗಿ ಹಂಚಿಹೋಗಿಲ್ಲ. ಯುರೋಪಿನವರಲ್ಲಿ ಶೇಕಡ 15ರಷ್ಟು ಜನ ಡಿ ನೆಗೆಟಿವ್, ನಮ್ಮಲ್ಲಿ ಶೇಕಡ 5ರಿಂದ 7, ಚೀನಾದವರಲ್ಲಿ ಶೇಕಡ 1ಕ್ಕಿಂತಲೂ ಕಡಿಮೆ. ಕೆಲ್ ಗುರುತು ಯುರೋಪಿನವರಲ್ಲಿ ನೂರಕ್ಕೆ ಒಂಬತ್ತು ಜನರಲ್ಲಿದೆ, ನಮ್ಮಲ್ಲಿ ಬಹಳ ಕಡಿಮೆ. ಪಶ್ಚಿಮ ಆಫ್ರಿಕಾದವರಲ್ಲಿ ಬಹುತೇಕ ಎಲ್ಲರ ಕೆಂಪು ಕಣದ ಮೇಲೂ ಡಫಿ ಗುರುತೇ ಇಲ್ಲ. ವೈವಾಕ್ಸ್ ಮಲೇರಿಯಾದ ಪರೋಪಜೀವಿ ಕಣದೊಳಗೆ ನುಗ್ಗಲು ಬಳಸುವ ಬಾಗಿಲು ಆ ಗುರುತೇ ಆದ್ದರಿಂದ, ಅದಿಲ್ಲದವರು ಆ ಮಲೇರಿಯಾದಿಂದ ಬಹುಮಟ್ಟಿಗೆ ಪಾರಾದರು, ಆ ರೂಪವೇ ಅಲ್ಲಿ ಉಳಿದು ಬೆಳೆಯಿತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರಾದ್ದರಿಂದ, ಅವರಲ್ಲೊಬ್ಬರು ರಕ್ತಕ್ಕಾಗಿ ಬಂದರೆ ನಾನು ಈ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ಇಲ್ಲಿ ಜೀನ್ ಪರೀಕ್ಷೆ ಕೊಡುವ ಒಂದು ಸೂಕ್ಷ್ಮ ಮಾಹಿತಿಯಿದೆ. ಅವರಲ್ಲಿ ಡಫಿ-ಬಿ ಜೀನ್ ಇರುತ್ತದೆ, ಕೆಂಪು ಕಣದಲ್ಲಿ ಮಾತ್ರ ಅದರ ಸ್ವಿಚ್ ಆರಿರುತ್ತದೆ, ಬೇರೆ ಅಂಗಾಂಶಗಳಲ್ಲಿ ಗುರುತು ಇದ್ದೇ ಇರುತ್ತದೆ. ಆದ್ದರಿಂದ ಅವರ ದೇಹ ಡಫಿ-ಬಿ ಇರುವ ರಕ್ತವನ್ನು ಪರಕೀಯವೆಂದು ತಿಳಿಯುವುದಿಲ್ಲ. ಜೆಲ್ ಕಾರ್ಡನ್ನಷ್ಟೇ ನೋಡಿದವರು ಡಫಿ-ಎ, ಡಫಿ-ಬಿ ಎರಡೂ ಇಲ್ಲದ ಅಪರೂಪದ ರಕ್ತಕ್ಕಾಗಿ ಹುಡುಕಾಡುತ್ತಾರೆ, ಜೀನ್ ನೋಡಿದವರಿಗೆ ಆ ಹುಡುಕಾಟ ತಪ್ಪುತ್ತದೆ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಸಿಕಲ್ ಸೆಲ್ (ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ) ಕಾಯಿಲೆಯವರು ಬಹುಪಾಲು ಆಫ್ರಿಕಾ ಮೂಲದವರು, ರಕ್ತ ಕೊಡುವವರು ಬಹುಪಾಲು ಯುರೋಪ್ ಮೂಲದವರು. ಗುರುತುಗಳ ಹಂಚಿಕೆ ಬೇರೆಯಾದ್ದರಿಂದ ರೋಗಿಗಳಲ್ಲಿ ಪ್ರತಿಕಾಯಗಳು ಹೆಚ್ಚಾಗಿ ಹುಟ್ಟುತ್ತವೆ. ಅದಕ್ಕೇ ಅಲ್ಲಿ ಎಲ್ಲ ಸಮುದಾಯದವರೂ ರಕ್ತ ಕೊಡಲಿ ಎಂದು ಕರೆಯುತ್ತಾರೆ, ವಂಶಮೂಲ ಕೇಳುತ್ತಾರೆ. 2024ರ ಜನವರಿಯಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ ಇರುವವರಿಗೆಲ್ಲ ರಕ್ತಗುಂಪಿನ ಜೀನ್ ಪರೀಕ್ಷೆಯನ್ನು ಉಚಿತವಾಗಿ ಮಾಡುವ ಕಾರ್ಯಕ್ರಮವನ್ನು ಆರಂಭಿಸಿತು. ಯಾರನ್ನು ಪರೀಕ್ಷೆಗೆ ಕರೆಯಬೇಕು ಎಂಬುದಕ್ಕೆ ವಂಶಮೂಲ ಅಲ್ಲಿ ಒಂದು ಸುಳಿವು ಮಾತ್ರ. ಚೀಲ ಕೊಡುವ ಹೊತ್ತಿಗೆ ನೋಡುವುದು ಗುರುತನ್ನು, ಯಾರ ಕುಲ ಯಾವುದೆಂದಲ್ಲ.

ಈ ವ್ಯತ್ಯಾಸವೇ ‘ನಮ್ಮ ಜನದವರ ರಕ್ತ’ ಎನ್ನುವ ಮಾತಿಗೂ ಉತ್ತರ. ಭಾರತೀಯ ದಾನಿಗಳಲ್ಲಿ ಜೆಕೆ-ಎ ಗುರುತು ಶೇಕಡ 80ರಷ್ಟು ಜನರಲ್ಲಿದೆ. ನಿಮ್ಮ ಜಾತಿಯವರನ್ನೇ ನೂರು ಜನ ಸಾಲಾಗಿ ನಿಲ್ಲಿಸಿದರೂ ಅದು ಹೆಚ್ಚುಕಡಿಮೆ ಅಷ್ಟೇ ಜನರಲ್ಲಿರುತ್ತದೆ, ಅವರ ರಕ್ತ ನಿಮ್ಮ ಮಗಳಿಗೆ ಆಗುವುದಿಲ್ಲ. ನಿಮಗೆ ಹೊಂದುವ ರಕ್ತ ಬೀದರಿನ ಮುಸ್ಲಿಮರೊಬ್ಬರದೋ ಮಂಗಳೂರಿನ ಕ್ರೈಸ್ತರೊಬ್ಬರದೋ ಇರಬಹುದು. ಹಾಗೆಯೇ, ಗದಗ ಮತ್ತು ಸಿಂಧ್ ಬೆರೆತದ್ದರಿಂದ ಪ್ರತಿಕಾಯ ಬಂದದ್ದೂ ಅಲ್ಲ. ನೀವಿಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದದ್ದು, ಅಂದರೆ ಕಾಯಿಲೆಯಿಲ್ಲದೆ ದೋಷವಿರುವ ಜೀನಿನ ಒಂದು ಪ್ರತಿಯನ್ನು ಹೊತ್ತಿದ್ದದ್ದು, ಕಾಯಿಲೆಗೆ ಕಾರಣ. ಸಿಂಧಿಗಳಲ್ಲಿ ವಾಹಕರು ಹೆಚ್ಚೆಂಬುದು ನಿಜವಾದರೂ ನಿಮ್ಮ ತವರಿನ ಕಡೆಯಿಂದಲೂ ಒಂದು ಪ್ರತಿ ಬಂದಿದ್ದರಿಂದಲೇ ಮಗಳಿಗೆ ಇದು ಬಂತು. ಇದನ್ನು ಮನೆಯಲ್ಲಿ ಯಾರಿಗೂ ಹೊರಿಸಬೇಡಿ.

ಅಪ್ಪ, ಚಿಕ್ಕಪ್ಪನ ರಕ್ತದ ವಿಚಾರದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಬೇಡವೆನ್ನುತ್ತೇನೆ. ಅಪ್ಪನ ಜೀನುಗಳಲ್ಲಿ ಮಗಳಿಗೆ ಬಂದದ್ದು ಅರ್ಧ, ಬಾರದ ಅರ್ಧದಲ್ಲಿ ಜೆಕೆ-ಎ ಇರಬಹುದು. ಹೊಂದಿತೆಂದೇ ಇಟ್ಟುಕೊಂಡರೂ, ಹತ್ತಿರದ ಸಂಬಂಧಿಯ ಬಿಳಿ ಕಣಗಳನ್ನು ದೇಹ ಪರಕೀಯವೆಂದು ಗುರುತಿಸದೆ ಉಳಿಸಿಕೊಂಡು, ಅವು ತಿರುಗಿ ಮಗುವಿನ ದೇಹದ ಮೇಲೆಯೇ ಆಕ್ರಮಣ ಮಾಡುವ ಅಪರೂಪದ, ಆದರೆ ಬಹುತೇಕ ಪ್ರಾಣಾಂತಿಕವಾದ ತೊಂದರೆಯೊಂದಿದೆ. ರಕ್ತಕ್ಕೆ ವಿಕಿರಣ ಹಾಯಿಸಿದರೆ ಅದನ್ನು ತಡೆಯಬಹುದು, ಆದರೆ ಆ ಸೌಲಭ್ಯ ಎಲ್ಲ ರಕ್ತ ಕೇಂದ್ರಗಳಲ್ಲಿಲ್ಲ. ಇನ್ನೊಂದು ಕಾರಣವೂ ಇದೆ: ಮುಂದೆ ಅಸ್ಥಿಮಜ್ಜೆ ಕಸಿಯ ಯೋಚನೆ ಬಂದರೆ, ಮನೆಯವರ ರಕ್ತವನ್ನು ಮೊದಲೇ ಹಾಕಿಸಿಕೊಂಡ ದೇಹ ಅವರ ಮಜ್ಜೆಯನ್ನು ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ರಕ್ತ ಕೊಡಲಿ, ಆದರೆ ಅದು ಇನ್ನಾವುದೋ ಮಗುವಿಗೆ ಹೋಗಲಿ.

ಜೀನ್ ಪರೀಕ್ಷೆಯ ಮಿತಿಗಳನ್ನೂ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಅದು ಜೀನನ್ನು ಓದಿ ಕಣದ ಮೇಲೆ ಏನಿರಬಹುದೆಂದು ಊಹಿಸುತ್ತದೆ, ಕಣವನ್ನು ಕಾಣುವುದಿಲ್ಲ. ಕಿಟ್‌ಗಳು ತಮಗೆ ಗೊತ್ತಿರುವ ಸ್ಥಾನಗಳನ್ನಷ್ಟೇ ನೋಡುತ್ತವೆ, ಆ ಸ್ಥಾನಗಳ ಪಟ್ಟಿ ತಯಾರಾದದ್ದು ಹೆಚ್ಚಾಗಿ ಯುರೋಪ್ ಮತ್ತು ಆಫ್ರಿಕಾ ಮೂಲದವರ ರಕ್ತವನ್ನು ಅಧ್ಯಯನ ಮಾಡಿ. ಇದಕ್ಕೊಂದು ಒಳ್ಳೆಯ ನಿದರ್ಶನ ನಮ್ಮ ದೇಶದ್ದೇ. ಡಿ ಗುರುತು ಕ್ಷೀಣವಾಗಿರುವವರಲ್ಲಿ ಯುರೋಪಿನವರ ಜೀನ್ ನೋಡಿದರೆ ಟೈಪ್ 1, 2, 3 ಎಂಬ ರೂಪಗಳೇ ಹೆಚ್ಚು, ಕಿಟ್‌ಗಳೂ ಅವನ್ನೇ ಹುಡುಕುತ್ತಿದ್ದವು. ಮುಂಬೈಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯವರು ಫ್ರಾನ್ಸಿನ ಸಂಶೋಧಕರ ಜೊತೆ ಭಾರತೀಯರ ಮಾದರಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮಲ್ಲಿ ಅತಿ ಹೆಚ್ಚಾಗಿರುವುದು ಅದುವರೆಗೆ ಯಾರೂ ವಿವರಿಸಿರದ ಬೇರೆಯೇ ರೂಪವೆಂದು ಗೊತ್ತಾಯಿತು, ಜೀನಿನ ಒಂದು ತುಂಡು ಎರಡು ಸಲ ಬರೆದುಕೊಂಡಿತ್ತು. ಹಳೆಯ ಪಟ್ಟಿಯನ್ನು ಹಿಡಿದು ಓದುವ ಕಿಟ್‌ಗೆ ಇದು ಕಾಣುವುದೇ ಇಲ್ಲ.

1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ರಕ್ತಗುಂಪಿನ ಕಥೆ ನಿಮಗೆ ಗೊತ್ತಿರಬಹುದು: ನೋಡಲು ಒ ಗುಂಪಿನಂತೆ ಕಂಡರೂ ಒ ರಕ್ತ ಹಾಕಿದರೆ ಪ್ರಾಣಕ್ಕೇ ಅಪಾಯ. ಅದಕ್ಕಿಂತ ಹತ್ತಿರದ್ದು ಕೋಲಾರದ್ದು. ಹೃದಯದ ಶಸ್ತ್ರಚಿಕಿತ್ಸೆಗೆ ಸೇರಿದ ಒ ಪಾಸಿಟಿವ್ ಮಹಿಳೆಯೊಬ್ಬರ ರಕ್ತಕ್ಕೆ ಯಾವ ಚೀಲವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಕುಟುಂಬದ ಇಪ್ಪತ್ತು ಜನರ ರಕ್ತ ನೋಡಿದರೂ ಒಂದೂ ಹೊಂದಲಿಲ್ಲ. ವೈದ್ಯರು ರಕ್ತ ಹಾಕದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗಿ, ಸುಮಾರು ಹತ್ತು ತಿಂಗಳ ಪರಿಶೀಲನೆಯ ನಂತರ ಅದು ಕ್ರೋಮರ್ ವ್ಯವಸ್ಥೆಯ ಹೊಸ ಪ್ರತಿಜನಕವೆಂದು ತಿಳಿಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಅದಕ್ಕೆ ‘ಕ್ರಿಬ್’ ಎಂಬ ಹೆಸರನ್ನು ಪ್ರಕಟಿಸಿದರು. ಕ್ರೋಮರ್‌ನ ಮೊದಲೆರಡು ಅಕ್ಷರ, ಇಂಡಿಯಾದ ಐ, ಬೆಂಗಳೂರಿನ ಬಿ. ಹಾಗೆ ನೋಡಿದರೆ ನಮ್ಮ ದಾನಿಗಳ ಜೀನುಗಳನ್ನು ಇನ್ನೂ ಸರಿಯಾಗಿ ಓದಿಯೇ ಇಲ್ಲ.

ನಿಮ್ಮ ಮಗಳ ಪ್ರತಿಕಾಯಗಳು ಅಷ್ಟು ಅಪರೂಪದವಲ್ಲ, ಮೇಲಿನ ಕಥೆಗಳಿಂದ ಹೆದರಬೇಡಿ. ಅವಳ ಮಟ್ಟಿಗೆ ಬೇಕಾದ ಸ್ಥಾನಗಳನ್ನು ಇಂದಿನ ಕಿಟ್‌ಗಳು ಚೆನ್ನಾಗಿಯೇ ಓದುತ್ತವೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಮ್ಮೆ ಶಸ್ತ್ರಚಿಕಿತ್ಸೆಗೆ ಎರಡು ಚೀಲ ಬೇಕಾದವರಿಗೆ ಈ ಪರೀಕ್ಷೆ ಬೇಡ, ಜೀವಮಾನವಿಡೀ ರಕ್ತ ಬೇಕಾದ, ಈಗಾಗಲೇ ಒಂದು ಪ್ರತಿಕಾಯ ಬಂದು ಇನ್ನೊಂದರ ಅನುಮಾನವಿರುವ ಮಗುವಿಗೆ ಬೇಕು. ಮಾಡಿಸಿ. ಎಬಿಒ ಗುಂಪಿಗೆ ಮಾತ್ರ ಜೀನ್ ವರದಿಯನ್ನು ನಂಬಿ ಯಾರೂ ರಕ್ತ ಕೊಡುವುದಿಲ್ಲ, ಅದು ಎಂದಿನಂತೆ ಕೊಳವೆಯಲ್ಲೇ ಆಗಬೇಕು. ಕ್ರಾಸ್ ಮ್ಯಾಚ್ ಸಹ ಪ್ರತಿ ಸಲ ಆಗಲೇಬೇಕು. ವಂಶವೃಕ್ಷ ಹೇಳುತ್ತೇವೆಂದು ಆನ್‌ಲೈನಿನಲ್ಲಿ ಮಾರುವ ಡಿಎನ್‌ಎ ಪರೀಕ್ಷೆಗಳು ಇದಕ್ಕೆ ಬದಲಿಯಲ್ಲ.

ಆದರೆ ವರದಿ ಬಂದ ಮೇಲೆ ಏನು? ಇಲ್ಲಿಯೇ ಬಹಳ ಕುಟುಂಬಗಳು ಸೋಲುವುದನ್ನು ನಾನು ಕಂಡಿದ್ದೇನೆ. ಚಂದದ ಬಣ್ಣದ ವರದಿ ಫೈಲಿನಲ್ಲಿರುತ್ತದೆ, ರಕ್ತ ಕೇಂದ್ರದ ಫ್ರಿಜ್ಜಿನಲ್ಲಿರುವ ಚೀಲಗಳ ಮೇಲೆ ಎಬಿಒ, ಡಿ ಬಿಟ್ಟರೆ ಏನೂ ಬರೆದಿರುವುದಿಲ್ಲ. ಲೆಕ್ಕ ಹಾಕೋಣ. ದೊಡ್ಡ ಇ ಇಲ್ಲದ ಮಕ್ಕಳಲ್ಲಿ ಅನೇಕರಿಗೆ ಸಣ್ಣ ಸಿ ಕೂಡ ಇರುವುದಿಲ್ಲ. ಮಗಳ ವರದಿಯಲ್ಲಿ ಹಾಗೆಯೇ ಬಂದರೆ, ಆಂಟಿ ಸಣ್ಣ ಸಿ ಇನ್ನೂ ಹುಟ್ಟಿರದಿದ್ದರೂ ಅದು ಮುಂದಿನ ಸರದಿಯೆಂದು ತಿಳಿದು ಎರಡೂ ಇಲ್ಲದ ರಕ್ತವನ್ನೇ ಕೊಡುವುದು ಜಾಣತನ. ಅದೃಷ್ಟಕ್ಕೆ ಭಾರತೀಯರಲ್ಲಿ ನೂರಕ್ಕೆ ಸುಮಾರು ನಲವತ್ತು ಜನ ಅಂಥವರು, ಯುರೋಪಿನವರಲ್ಲಿ ಹದಿನೆಂಟರಷ್ಟೇ. ಅವರಲ್ಲಿ ಜೆಕೆ-ಎ ಇಲ್ಲದವರು ಐವರಿಗೊಬ್ಬರು. ಅಂದರೆ ಬಿ ಅಥವಾ ಒ ಪಾಸಿಟಿವ್ ದಾನಿಗಳು ನೂರು ಜನರಿದ್ದರೆ ಎಂಟು ಜನರ ರಕ್ತ ನಿಮ್ಮ ಮಗಳಿಗೆ ಸಲ್ಲುತ್ತದೆ. ವರ್ಷಕ್ಕೆ ಅವಳಿಗೆ ಇಪ್ಪತ್ತೈದು ಮೂವತ್ತು ಚೀಲ ಬೇಕು. ನಮ್ಮ ನಿಯಮದಂತೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಹತ್ತು ಜನ ಖಾಯಂ ದಾನಿಗಳಿದ್ದರೆ ವರ್ಷ ಸಾಗುತ್ತದೆ, ಆ ಹತ್ತು ಜನರನ್ನು ಕಂಡುಹಿಡಿಯಲು ನೂರಿಪ್ಪತ್ತೈದು ದಾನಿಗಳ ಗುರುತು ನೋಡಬೇಕಾಗುತ್ತದೆ. ದಾನಿಗಳನ್ನು ಜೆಲ್ ಕಾರ್ಡಿನಲ್ಲೇ ಪರೀಕ್ಷಿಸಬಹುದು, ಅವರಿಗೆ ಜೀನ್ ಪರೀಕ್ಷೆ ಬೇಕಾಗಿಲ್ಲ. ನೂರಿಪ್ಪತ್ತೈದು ಎಂದರೆ ಒಂದು ಕಾಲೇಜಿನ ಎರಡು ಶಿಬಿರ, ಅಷ್ಟೇ. ಇದೇ ಗುರುತುಗಳು ಬೇಕಾದ ಇನ್ನೆರಡು ಮಕ್ಕಳು ನಿಮ್ಮ ಕೇಂದ್ರದಲ್ಲಿಯೇ ಇದ್ದರೂ ಇರಬಹುದು, ಅವರ ತಂದೆತಾಯಿಯರ ಜೊತೆ ಸೇರಿ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣಿ. ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲೇ ‘ವರದಿ ಬಂದರೆ ನೀವು ದಾನಿಗಳನ್ನು ಟೈಪ್ ಮಾಡಿ ಇಡುತ್ತೀರಾ’ ಎಂದು ಕೇಳಿ. ಇಲ್ಲವೆಂದರೆ, ಹಾಗೆ ಮಾಡುವ ದೊಡ್ಡ ರಕ್ತ ಕೇಂದ್ರವೊಂದರಿಂದ ಚೀಲ ತರಿಸುವ ವ್ಯವಸ್ಥೆ ಆಗಬೇಕು.

ಇದ್ದಂತೆಯೇ ಮುಂದುವರಿದು ಪ್ರತಿ ಸಲ ಐದಾರು ಚೀಲ ನೋಡಿ ಹೊಂದಿದ್ದನ್ನು ಹಾಕುವುದೂ ಒಂದು ದಾರಿಯೇ, ಅನೇಕ ಊರುಗಳಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಅದರ ಅಪಾಯವನ್ನು ನೀವು ಎಂಟನೆಯ ದಿನ ನೋಡಿದ್ದೀರಿ: ಆಂಟಿ ಜೆಕೆ-ಎ ಅಡಗಿ ಕುಳಿತಾಗ ಕ್ರಾಸ್ ಮ್ಯಾಚ್ ಸುಳ್ಳು ಧೈರ್ಯ ಕೊಡುತ್ತದೆ. ಜೀನ್ ವರದಿ ಬರುವವರೆಗೆ ಅನುಮಾನವನ್ನೇ ನಿಜವೆಂದಿಟ್ಟುಕೊಂಡು ದೊಡ್ಡ ಇ, ಜೆಕೆ-ಎ ಎರಡೂ ಇಲ್ಲದ ಚೀಲವನ್ನೇ ಕೇಳಿ. ಹೆದರಿ ರಕ್ತ ಹಾಕಿಸುವುದನ್ನು ಮುಂದೂಡುವುದು ಮಾತ್ರ ಬೇಡ. ಎಚ್‌ಬಿ 9ಕ್ಕಿಂತ ಕೆಳಗೇ ಉಳಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಗುಲ್ಮ ದೊಡ್ಡದಾಗುತ್ತದೆ. ಬಿಳಿ ಕಣ ಸೋಸಿದ ರಕ್ತವನ್ನೇ ಕೊಡಿ ಎಂದೂ ಹೇಳಿ.

ಇನ್ನು ಆ ಐದು ವರ್ಷದ ತಮ್ಮ. ಅವನಿಗೆ ಥಲಸ್ಸೀಮಿಯಾ ಮೇಜರ್ ಇಲ್ಲವೆಂದಾದರೆ ಅವನ ಮತ್ತು ಅಕ್ಕನ ಎಚ್‌ಎಲ್‌ಎ (ಕಸಿಗೆ ಹೊಂದಿಸಿ ನೋಡುವ ಅಂಗಾಂಶದ ಗುರುತುಗಳು) ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಅಸ್ಥಿಮಜ್ಜೆ ಕಸಿ ಎಂಬ, ರಕ್ತದ ಅಗತ್ಯವನ್ನೇ ನೀಗಿಸುವ ದಾರಿ ತೆರೆಯುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ, ಯಕೃತ್ತಿನಲ್ಲಿ ಕಬ್ಬಿಣ ಕಡಿಮೆಯಿದ್ದಷ್ಟೂ ಅದರ ಫಲ ಉತ್ತಮ. ಅಪಾಯವೂ ಇದೆ, ಖರ್ಚೂ ಇದೆ, ಅದು ಬೇರೆಯೇ ದೊಡ್ಡ ವಿಷಯ. ಹೊಂದುತ್ತದೆಯೇ ಎಂದು ನೋಡಲು ಈಗಲೇ ಪರೀಕ್ಷಿಸಿಡಿ. ಕಸಿ ಆದರೆ ಆಮೇಲೆ ಮಗಳ ರಕ್ತದಲ್ಲಿರುವ ಡಿಎನ್‌ಎ ತಮ್ಮನದಾಗುತ್ತದೆ, ರಕ್ತಗುಂಪಿನ ಜೀನ್ ಪರೀಕ್ಷೆ ಮಾಡಿಸುವುದಿದ್ದರೆ ಅದಕ್ಕೆ ಮೊದಲೇ ಆಗಬೇಕು.

ಕೊನೆಯದಾಗಿ, ಮನೆಯಲ್ಲಿ ಇವತ್ತೇ ಆಗಬಹುದಾದ ಕೆಲಸ. ರಕ್ತ ಕೇಂದ್ರದಿಂದ ಮಗಳ ಹೆಸರಿನಲ್ಲಿ ಆಂಟಿಬಾಡಿ ಕಾರ್ಡೊಂದನ್ನು ಬರೆಸಿಕೊಳ್ಳಿ. ಬಿ ಪಾಸಿಟಿವ್, ಆಂಟಿ ದೊಡ್ಡ ಇ, ಆಂಟಿ ಜೆಕೆ-ಎ ಅನುಮಾನ, ಕಂಡುಬಂದ ದಿನಾಂಕ ಎಂದಿಷ್ಟು ಇರಲಿ. ಒಂದು ಶಾಲೆಯ ಚೀಲದಲ್ಲಿ, ಒಂದು ನಿಮ್ಮ ಪರ್ಸಿನಲ್ಲಿ, ಒಂದರ ಫೋಟೊ ಫೋನಿನಲ್ಲಿ. ಜಾತ್ರೆಗೋ ಮದುವೆಗೋ ಬೇರೆ ಊರಿಗೆ ಹೋದಾಗ ಅಲ್ಲಿ ರಕ್ತ ಹಾಕಿಸಬೇಕಾಗಿ ಬಂದರೆ, ಆ ಲ್ಯಾಬಿನವರಿಗೆ ಆ ಪ್ರತಿಕಾಯ ಕಾಣದೆಯೂ ಇರಬಹುದು, ಕಾರ್ಡು ಕಾಣುತ್ತದೆ. ಪ್ರತಿ ಸಲ ರಕ್ತ ಹಾಕಿಸಿದ ಮೇಲೆ ಎರಡು ವಾರ ಬೆಳಗಿನ ಮೂತ್ರದ ಬಣ್ಣವನ್ನು ನೀವೇ ನೋಡಿ, ಡಿಕಾಕ್ಷನ್ ಬಣ್ಣ ಕಂಡ ದಿನವೇ ಮಗುವನ್ನು ಕರೆದುಕೊಂಡು ಹೋಗಿ ಎಚ್‌ಬಿ, ಬಿಲಿರುಬಿನ್ (ಕಣ್ಣು ಹಳದಿಯಾಗಿಸುವ ಬಣ್ಣ) ಮತ್ತು ಡೈರೆಕ್ಟ್ ಕೂಂಬ್ಸ್ (ಕೆಂಪು ಕಣಕ್ಕೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ) ಪರೀಕ್ಷೆ ಮಾಡಿಸಿ.